ಪಾಸ್ ಬೇಡ ಎಂದ ಅಭಿಮಾನಿಗಳು

ಅಭಿಮಾನಿ ಸಂಘ ಅಂದ ಕೂಡಲೇ ನಮಗೆ ನೆನಪಾಗುವುದು ಕಟೌಟು, ಹಾಲಿನ ಅಭಿಷೇಕ, ಬೆಳಗಿನ ಜಾವದ ಶೋಗೆ ನೂಕುನುಗ್ಗಲು. ಮೆಚ್ಚಿದ್ದರ ಚೀಟಿ ಚಪಾಟಿಗಳನ್ನು ಜೋಪಾನ ಮಾಡುವುದು, ತಾರೀಖು ಗುರುತು ಹಾಕಿಡುವುದು, ಕೊನೆಗಾಲಕ್ಕೆ ಎಲ್ಲವನ್ನೂ ಲೈಬ್ರರಿಗೆ ಬರೆದುಕೊಡುವುದು ಅಭಿಮಾನಿಗಳ ಕೆಲಸ ಅಂತ ನಾವು ಅಂದುಕೊಂಡಿಲ್ಲ. ಅದೇನಿದ್ದರೂ ಸಂಶೋಧಕರ ಪಾಲು. ಆದರೆ ಸರ್ಕಸ್ಸಿನ ಚರಿತ್ರೆ ಉಳಿದದ್ದು ಸಂಶೋಧಕರಿಂದಲ್ಲ. ಅವರು ಅತ್ತ ತಲೆ ಹಾಕುವ ಎಷ್ಟೋ ಮೊದಲೇ ಒಂದಷ್ಟು ವಕೀಲರು, ವ್ಯಾಪಾರಸ್ಥರು, ಪತ್ರಿಕೆಯವರು ಅದನ್ನು ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದರು. ಮನೆಯವರಿಂದ ಹುಚ್ಚರು ಅನ್ನಿಸಿಕೊಂಡೇ ಇಟ್ಟಿರಬೇಕು.

1926ರಲ್ಲಿ ಅಮೆರಿಕದಲ್ಲಿ ಸರ್ಕಸ್ ಫ್ಯಾನ್ಸ್ ಅಸೋಸಿಯೇಷನ್ ಅನ್ನುವ ಸಂಘ ಹುಟ್ಟಿತು. ಕಟ್ಟಿದವರಲ್ಲಿ ಕಾರ್ಲ್ ಕೇ ನೆಕ್ಟ್ ಅನ್ನುವವನೊಬ್ಬ. ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್ ಊರಿನ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದವನು. ಮರುವರ್ಷವೇ 'ವೈಟ್ ಟಾಪ್ಸ್' ಪತ್ರಿಕೆ ಶುರುವಾಯಿತು, ಸಂಪಾದಕನೂ ಅವನೇ. ಸಂಘದ ರಾಜ್ಯ ಘಟಕಕ್ಕೆ 'ಟಾಪ್' ಅಂತ ಹೆಸರು, ಊರಿನ ಘಟಕಕ್ಕೆ 'ಟೆಂಟ್'. ದೊಡ್ಡ ದೊಡ್ಡ ಕೆಲಸದಲ್ಲಿದ್ದ ಗಂಡಸರು "ನಮ್ಮ ಟೆಂಟಿನ ಮೀಟಿಂಗ್ ಇದೆ" ಅಂತ ಹೇಳಿ ಸಂಜೆ ಮನೆಯಿಂದ ಹೊರಡುತ್ತಿದ್ದದ್ದನ್ನು ಊಹಿಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

ಆದರೆ ಈ ಸಂಘದಲ್ಲಿ ನನಗೆ ಅತಿ ಇಷ್ಟವಾದದ್ದು ಅದರ ಘೋಷವಾಕ್ಯ. ದುಡ್ಡು ಕೊಟ್ಟೇ ಆಟ ನೋಡುತ್ತೇವೆ ಅನ್ನುವುದು ಅದರ ತಾತ್ಪರ್ಯ. ಸರ್ಕಸ್ಸಿನವರ ಸ್ನೇಹ ಬೇಕು, ಡೇರೆಯ ಹಿಂದೆ ಹೋಗಿ ಮಾತಾಡಿಸಬೇಕು, ಆದರೆ ಪಾಸ್ ಕೇಳಬಾರದು. ಪಾಸಿನ ಮಹಿಮೆ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹಾವೇರಿಯಲ್ಲಿ ನಮ್ಮ ಸೋದರಮಾವನ ಸೈಕಲ್ ಶಾಪಿನ ಪಕ್ಕದ ಗೋಡೆಗೆ ಸರ್ಕಸ್ಸಿನವರು ಪೋಸ್ಟರ್ ಅಂಟಿಸಿದರೆ ಎರಡು ಪಾಸ್ ಕೊಟ್ಟು ಹೋಗುತ್ತಿದ್ದರು. ಆ ಎರಡು ಪಾಸಿಗೆ ಮನೆಯಲ್ಲಿ ನಡೆಯುತ್ತಿದ್ದ ರಾಜಕೀಯ ವಿಧಾನಸೌಧದಲ್ಲೂ ನಡೆದಿರಲಿಕ್ಕಿಲ್ಲ. ಅಮೆರಿಕದಲ್ಲೂ ಇದೇ ಲೆಕ್ಕಾಚಾರ: ರೈತನ ಕಣಜದ ಗೋಡೆಗೆ ಪೋಸ್ಟರ್, ರೈತನಿಗೆ ಬಿಟ್ಟಿ ಟಿಕೆಟ್. ಸರ್ಕಸ್ ಕಂಪನಿಗಳ ಸುತ್ತ ಪಾಸ್ ಕೇಳುವವರ ದಂಡೇ ಇರುವಾಗ, ನಮಗೆ ಅದು ಬೇಡ ಅಂತ ಒಂದು ಸಂಘ ಬಾಯಿಬಿಟ್ಟು ಹೇಳಿತ್ತು. ಬಹುಶಃ ಅದಕ್ಕೇ ಮಾಲೀಕರೂ ಕಲಾವಿದರೂ ಇವರನ್ನು ಒಳಗೆ ಬಿಟ್ಟುಕೊಂಡರು. ಹಳೇ ಕಾಗದಪತ್ರ ಎಸೆಯುವ ಮೊದಲು ಇವರಿಗೊಂದು ಮಾತು ಹೇಳಿದರು.

ಆ ಕಾಗದಗಳ ಗತಿ ಏನಾಯಿತು ಅನ್ನುವುದೇ ನಿಜವಾದ ಕಥೆ. ಹ್ಯಾರಿ ಹರ್ಟ್ಸ್‌ಬರ್ಗ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ವಕೀಲ, ರಾಜ್ಯದ ಸೆನೆಟರ್ ಬೇರೆ. ಕೋರ್ಟು ಕಚೇರಿ ಮುಗಿಸಿ ಸರ್ಕಸ್ ಸಾಮಾನು ಕೂಡಿಹಾಕುತ್ತಿದ್ದ. ಅಮೆರಿಕದ ಹೆಸರಾಂತ ಸರ್ಕಸ್ ಮಾಲೀಕ ಬಾರ್ನಮ್ ಜೊತೆ ಲೋಕ ಸುತ್ತಿದ ಕುಳ್ಳ ಟಾಮ್ ಥಂಬ್‌ನ ಪುಟಾಣಿ ಸಾರೋಟೂ ಅವನ ಸಂಗ್ರಹದಲ್ಲಿತ್ತು. 1940ರಲ್ಲಿ ಆತ ತೀರಿಕೊಂಡಾಗ ಎಲ್ಲವೂ ಊರಿನ ಸಾರ್ವಜನಿಕ ಲೈಬ್ರರಿಗೆ ಸೇರಿತು. ದಶಕಗಳ ಕಾಲ ಅದು ಮ್ಯೂಸಿಯಂ ಆಗಿ ನಡೆದು 2001ರಲ್ಲಿ ಬಾಗಿಲು ಹಾಕಿತು. ಸಂಗ್ರಹ ಆಮೇಲೆ ಅದೇ ಊರಿನ ವಿಟ್ಟೆ ಮ್ಯೂಸಿಯಂಗೆ ಹೋಯಿತು. ಸರ್ಕಾರಿ ಲೈಬ್ರರಿಗೆ ಕೊಟ್ಟುಬಿಟ್ಟರೆ ಶಾಶ್ವತವಾಗಿ ನಿಶ್ಚಿಂತೆ ಅಂತ ತಿಳಿದಿರುವವರು ಇದನ್ನು ಗಮನಿಸಬೇಕು.

ಇನ್ನೊಬ್ಬ ವಕೀಲ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನ ಸ್ವೆರ್ ಬ್ರಾಥೆನ್. ಈತ, ಈತನ ಹೆಂಡತಿ ಫೇ ಇಬ್ಬರೂ ಸರ್ಕಸ್ಸಿನ ಬೆನ್ನು ಹತ್ತಿ ಊರೂರು ಅಲೆದವರು. ಕೊಡಾಕ್ರೋಮ್ ಬಣ್ಣದ ಫಿಲ್ಮು ಬಂದಾಗ ಇವರ ಕೈಗೆ ಅದು ಸಿಕ್ಕಿತು. ಸರ್ಕಸ್ ಬ್ಯಾಂಡಿನವರ ಮೇಲೆ ಈತನಿಗೆ ವಿಶೇಷ ಪ್ರೀತಿ, ವಾದಕರಿಗೆ ಕಾಗದ ಬರೆದು ಉತ್ತರಗಳನ್ನು ಕೂಡಿಟ್ಟ. ಆ ಫೋಟೊಗಳು, ಕಾಗದಗಳು ಈಗ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿಯ ಮಿಲ್ನರ್ ಲೈಬ್ರರಿಯಲ್ಲಿವೆ. ಫೋಟೊಗಳನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ರಿಂಗಿನೊಳಗಿನ ಆಟಕ್ಕಿಂತ ಡೇರೆಯ ಹಿತ್ತಲು ಚೆಂದ.

ಪೋಸ್ಟರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿನ್ಸಿನಾಟಿಯ ಸ್ಟ್ರೋಬ್ರಿಡ್ಜ್ ಅನ್ನುವ ದೊಡ್ಡ ಲಿಥೊ ಪ್ರೆಸ್ಸಿನಂಥವರು ಹುಲಿ, ಕುದುರೆ, ಟ್ರ್ಯಾಪೀಜ್ ಹುಡುಗಿಯರ ಬಣ್ಣದ ಪೋಸ್ಟರುಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿ ಕೊಡುತ್ತಿದ್ದರು. ಅದರಲ್ಲಿ ಊರಿನ ಹೆಸರಿರುತ್ತಿರಲಿಲ್ಲ. ಆಟಕ್ಕೆ ಕೆಲವು ವಾರ ಮುಂಚೆ ಬರುವ ಅಂಟಿಸುವ ತಂಡ ಕೆಳಗೆ ಇನ್ನೊಂದು ಉದ್ದನೆಯ ಪಟ್ಟಿ ಹಚ್ಚುತ್ತಿತ್ತು. ಅದರಲ್ಲಿ ಊರು, ವಾರ, ತಿಂಗಳು, ತಾರೀಖು ಇರುತ್ತಿದ್ದವು. ಇಸವಿ ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಇರಬೇಕಾದರೂ ಯಾಕೆ? ಬರುವ ವಾರದ ಆಟಕ್ಕೆ ಇಸವಿ ಹಾಕುತ್ತಾರೆಯೇ! ಈಗ ಎಪ್ಪತ್ತು ವರ್ಷ ಕಳೆದು ನಿಮ್ಮ ಕೈಗೆ 'ಪಿಟ್ಸ್‌ಬರ್ಗ್, ಸೋಮವಾರ, ಜುಲೈ 16' ಅನ್ನುವ ಒಂದು ಪಟ್ಟಿ ಸಿಕ್ಕಿತು ಅಂದುಕೊಳ್ಳಿ. ಜುಲೈ 16 ಸೋಮವಾರ ಬಿದ್ದದ್ದು 1945ರಲ್ಲೂ ಹೌದು, 1951ರಲ್ಲೂ ಹೌದು, 1956ರಲ್ಲೂ ಹೌದು. ಆ ತಾರೀಖಿಗೆ ಕಂಪನಿ ಪಿಟ್ಸ್‌ಬರ್ಗ್‌ನಲ್ಲಿದ್ದದ್ದು ಯಾವ ವರ್ಷ ಅಂತ ತಿಳಿಯಲು ಕಂಪನಿಯ ಊರುಪಟ್ಟಿ ಬೇಕು. ಹಳೇ ಕಂಪನಿಗಳು ಸೀಸನ್ ಮುಗಿದ ಮೇಲೆ ರೂಟ್ ಬುಕ್ ಅಂತ ಒಂದು ಪುಸ್ತಕ ಅಚ್ಚು ಹಾಕುತ್ತಿದ್ದವು. ಯಾವ ದಿನ ಯಾವ ಊರು, ರೈಲಿನಲ್ಲಿ ಎಷ್ಟು ಮೈಲಿ, ಎಲ್ಲಿ ಮಳೆ ಬಂದು ಆಟ ನಿಂತಿತು, ಯಾರು ಬಿದ್ದು ಕಾಲು ಮುರಿದುಕೊಂಡರು ಎಲ್ಲ ಅದರಲ್ಲಿ. ಅಭಿಮಾನಿಗಳು ಇಂಥವನ್ನು ಜೋಡಿಸಿ ಜೋಡಿಸಿ ತಾರೀಖು ಹೊಂದಿಸಿದ್ದಾರೆ. ಅಂದ ಹಾಗೆ, ಆ ಸೋಮವಾರ 1956ರದ್ದಾಗಿದ್ದರೆ ನಿಮ್ಮ ಕೈಯಲ್ಲಿರುವುದು ಬಂಗಾರ. ಅಮೆರಿಕದ ದೊಡ್ಡ ಸರ್ಕಸ್ಸಾದ ರಿಂಗ್‌ಲಿಂಗ್ ಬ್ರದರ್ಸ್ ಕಂಪನಿ ಗುಡಾರದೊಳಗೆ ಕೊನೆಯ ಆಟ ಆಡಿದ್ದು ಅವತ್ತೇ, ಅದೇ ಪಿಟ್ಸ್‌ಬರ್ಗ್ ಪಕ್ಕದಲ್ಲಿ. ಅಲ್ಲಿಂದಾಚೆಗೆ ಅದು ಕಟ್ಟಡಗಳೊಳಗಿನ ಸರ್ಕಸ್ ಆಯಿತು.

ಈ ಜೋಡಿಸುವ ಚಟದವರದ್ದೇ ಬೇರೊಂದು ಸಂಘ 1939ರಲ್ಲಿ ಹುಟ್ಟಿತು, ಸರ್ಕಸ್ ಹಿಸ್ಟಾರಿಕಲ್ ಸೊಸೈಟಿ. ಇವರ ಪತ್ರಿಕೆ 'ಬ್ಯಾಂಡ್‌ವ್ಯಾಗನ್'. ಇಂಗ್ಲೆಂಡಿನಲ್ಲೂ 1934ರಲ್ಲಿ ಇಂಥದ್ದೊಂದು ಸಂಘ ಶುರುವಾಗಿತ್ತು, ಅವರ ಸಂಗ್ರಹ ಈಗ ಶೆಫೀಲ್ಡ್ ಯೂನಿವರ್ಸಿಟಿಯ ಜಾತ್ರೆ ಮತ್ತು ಸರ್ಕಸ್ ದಾಖಲೆಗಳ ಸಂಗ್ರಹಾಲಯದಲ್ಲಿದೆ. ಯೂನಿವರ್ಸಿಟಿಯೊಂದು ಜಾತ್ರೆಗೆ ಅಂತ ದಾಖಲೆ ಕೋಣೆ ಇಟ್ಟಿರುವುದನ್ನು ನಮ್ಮ ಕುಲಪತಿಗಳು ಒಮ್ಮೆ ನೋಡಿ ಬರಲಿ. ಹೇಗೂ ವಿದೇಶ ಪ್ರವಾಸ ಹೋಗುತ್ತಲೇ ಇರುತ್ತಾರೆ.

ಕಾಗದ ಬಿಡಿ, ಗಾಡಿಗಳನ್ನೂ ಉಳಿಸಿದ್ದಾರೆ. ವಿಸ್ಕಾನ್ಸಿನ್‌ನ ಬರಾಬೂ ಅನ್ನುವ ಪುಟ್ಟ ಊರು ರಿಂಗ್‌ಲಿಂಗ್ ಸೋದರರು 1884ರಲ್ಲಿ ಕಂಪನಿ ಕಟ್ಟಿದ ಜಾಗ, 1918ರವರೆಗೆ ಚಳಿಗಾಲದಲ್ಲಿ ಬಿಡಾರ ಹೂಡುತ್ತಿದ್ದ ಜಾಗ. ಅಲ್ಲಿ 1959ರಲ್ಲಿ ಸರ್ಕಸ್ ವರ್ಲ್ಡ್ ಮ್ಯೂಸಿಯಂ ತೆರೆಯಿತು. ಕೆತ್ತನೆಯ ಮೆರವಣಿಗೆ ಗಾಡಿಗಳನ್ನು ಅಲ್ಲಿ ತಂದು ರಿಪೇರಿ ಮಾಡಿ ಸಾಲಾಗಿ ನಿಲ್ಲಿಸಿದ್ದಾರೆ. ನಮ್ಮ ತೇರಿನ ಮನೆಯೊಳಗೆ ಹೊಕ್ಕ ಹಾಗಿರುತ್ತದೆ. 1963ರಿಂದ ಆ ಗಾಡಿಗಳನ್ನು ರೈಲಿಗೆ ಏರಿಸಿ ಮಿಲ್ವಾಕೀ ಊರಿಗೆ ಒಯ್ದು ನಿಜವಾದ ಮೆರವಣಿಗೆಯನ್ನೇ ತೆಗೆದರು. 1972ರಲ್ಲಿ ಡಿಕ್ ಸ್ಪ್ಯಾರೊ ಅನ್ನುವ ಅಯೋವಾದ ರೈತ ನಲವತ್ತು ಕುದುರೆ ಕಟ್ಟಿದ ಗಾಡಿಯನ್ನು ಊರೊಳಗೆ ಹೊಡೆದುಕೊಂಡು ಬಂದ. ಸಾಲಿಗೆ ನಾಲ್ಕರಂತೆ ಹತ್ತು ಸಾಲು, ಲಗಾಮೆಲ್ಲ ಒಬ್ಬನ ಕೈಯಲ್ಲಿ. ಇದಕ್ಕೆ ಹಳೇ ಫೋಟೊ ಸಾಲುವುದಿಲ್ಲ, ಮಾಡಿಯೇ ನೋಡಬೇಕು ಅನ್ನುವ ಹಟ.

ಹೊವರ್ಡ್ ಟಿಬ್ಬಲ್ಸ್ ಅನ್ನುವವನ ಹಟ ಇದಕ್ಕೂ ಒಂದು ಕೈ ಮೇಲು. ಅಡಿಗೆ ಮುಕ್ಕಾಲು ಇಂಚಿನ ಲೆಕ್ಕದಲ್ಲಿ ಇಡೀ ರಿಂಗ್‌ಲಿಂಗ್ ಸರ್ಕಸ್ಸನ್ನು ಮಾದರಿಯಾಗಿ ಕಟ್ಟುತ್ತಾ ಕೂತ: ಎಂಟು ಡೇರೆ, 152 ಗಾಡಿ, 59 ಬೋಗಿಯ ರೈಲು, ಸಾವಿರ ಚಿಲ್ಲರೆ ಜನ, ಆನೆ ಕುದುರೆಗಳು. ಐವತ್ತು ವರ್ಷಕ್ಕೂ ಮೇಲ್ಪಟ್ಟ ಕೆಲಸ. ಹೆಸರು ಬಳಸಲು ಕಂಪನಿ ಒಪ್ಪಲಿಲ್ಲ. ಸರಿ, ತನ್ನದೇ ಹೆಸರಿಟ್ಟು 'ಹೊವರ್ಡ್ ಬ್ರದರ್ಸ್ ಸರ್ಕಸ್' ಅಂದ! 2006ರಿಂದ ಅದು ಫ್ಲಾರಿಡಾದ ಸಾರಾಸೋಟಾದಲ್ಲಿ, ರಿಂಗ್‌ಲಿಂಗ್ ಮ್ಯೂಸಿಯಂನ ಅಂಗಳದಲ್ಲೇ ಕೂತಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಅಭಿಮಾನಿ ಅಭಿಮಾನಿಯೇ. ತಾನು ಮೆಚ್ಚಿದ್ದಕ್ಕೆ ಮಸಿ ಹತ್ತುವುದನ್ನು ಸಹಿಸುವುದಿಲ್ಲ. ಪ್ರಾಣಿಗಳ ಪ್ರಶ್ನೆ ಎದ್ದಾಗ ಈ ಸಂಘದವರು ಬಹುಪಾಲು ನಿಂತದ್ದು ಕಂಪನಿಗಳ ಕಡೆಗೇ. ಡೇರೆ ಎತ್ತುವ ಕೂಲಿಗಳ ಕಥೆ ಅವರ ಪತ್ರಿಕೆಗಳಲ್ಲಿ ತಾರೆಯರ ಕಥೆಯಷ್ಟು ಜಾಗ ಪಡೆಯಲಿಲ್ಲ. ಪಿ. ಜಿ. ಲೋವರಿಯಂಥ ಕಪ್ಪು ಜನಾಂಗದ ಕಾರ್ನೆಟ್ (ತುತ್ತೂರಿಯಂಥ ವಾದ್ಯ) ವಾದಕ ಬ್ಯಾಂಡ್ ನಡೆಸಿದ್ದು ಪಕ್ಕದ ಚಿಕ್ಕ ಸೈಡ್ ಶೋ ಡೇರೆಯಲ್ಲಿ, ಮುಖ್ಯ ಆಟದ ದೊಡ್ಡ ಡೇರೆಯಲ್ಲಲ್ಲ. 1884ರಲ್ಲಿ ಬಾರ್ನಮ್ ನಾನಾ ದೇಶದ ಜನರನ್ನೇ ಕರೆತಂದು ಪ್ರದರ್ಶನಕ್ಕೆ ನಿಲ್ಲಿಸಿದ, ಇಂಡಿಯಾದಿಂದ ಹೋದವರೂ ಅದರಲ್ಲಿದ್ದರು. ಅದೇ ವರ್ಷ ಆತ ಬರ್ಮಾದಿಂದ ಪವಿತ್ರ ಬಿಳಿಯಾನೆ ತರಿಸಿದ. ಬಂದದ್ದು ನೋಡಿದರೆ ಬೂದು ಆನೆ, ಅಲ್ಲಲ್ಲಿ ಗುಲಾಬಿ ಮಚ್ಚೆ. ಎದುರಾಳಿ ಫೋರ್‌ಪಾ ತನ್ನ ಆನೆಗೆ ಬಿಳಿ ಬಣ್ಣ ಬಳಿದು ನನ್ನದೇ ಅಸಲಿ ಅಂದ. ಪಾಪ, ಆ ಆನೆಯನ್ನು ಕೇಳಿದವರು ಯಾರು.

ಇದೆಲ್ಲ ನಮಗೆ ಗೊತ್ತಾಗುವುದು ಹೇಗೆ? ಅದೇ ಕರಪತ್ರ, ಅದೇ ಪೋಸ್ಟರ್, ಅದೇ ಜಾಹೀರಾತು ಪುಸ್ತಿಕೆಗಳಿಂದ. ಹೆಮ್ಮೆಯಿಂದ ಕೂಡಿಟ್ಟ ಕಾಗದವೇ ಇವತ್ತು ಸಾಕ್ಷಿ ಹೇಳುತ್ತಿದೆ. ನನ್ನ ಮಾತು ಇರುವುದು ಇಲ್ಲಿಯೇ. ಸರ್ಕಸ್ಸಿನಲ್ಲಿ ಹುಲಿ ಸಿಂಹ ಕುಣಿಸುವುದು ನಿಂತದ್ದಕ್ಕೆ ಸಂತೋಷಪಡುವವರಲ್ಲಿ ನಾನೂ ಒಬ್ಬ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಆಟಕ್ಕೆ ನಿಷೇಧ ಹಾಕಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆ ಬಿಡುಗಡೆಯಾದ ಸಿಂಹಗಳಲ್ಲಿ ಕೆಲವು ನಮ್ಮ ಬನ್ನೇರುಘಟ್ಟದಲ್ಲೇ ಕೊನೆಯ ದಿನ ಕಳೆದವು. ಒಳ್ಳೆಯದೇ ಆಯಿತು. ಆದರೆ ಕೆಟ್ಟದ್ದು ನಿಂತಿತು ಅಂದಮಾತ್ರಕ್ಕೆ ಅದರ ಕಾಗದವನ್ನೂ ರದ್ದಿಗೆ ಹಾಕುವುದು ಯಾವ ನ್ಯಾಯ? ಕೆಟ್ಟದ್ದಾಗಿದ್ದರೆ ಇನ್ನೂ ಜೋಪಾನವಾಗಿ ಇಡಬೇಕಲ್ಲವೇ?

ನಮ್ಮ ಸರ್ಕಸ್ಸಿನ ಚರಿತ್ರೆ ಚಿಕ್ಕದೇನೂ ಅಲ್ಲ. ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬೈಯಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಶುರು ಮಾಡಿದರು. ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಮೇಷ್ಟ್ರು ಹುಡುಗರಿಗೆ ಕಸರತ್ತು ಕಲಿಸಿ ಇಡೀ ದೇಶದ ಡೇರೆಗಳಿಗೆ ಕಲಾವಿದರನ್ನು ಕೊಟ್ಟರು. ಪುಣೆಯ ದಾಮೂ ಧೋತ್ರೆ 1940ರ ದಶಕದಲ್ಲಿ ಅದೇ ರಿಂಗ್‌ಲಿಂಗ್ ಕಂಪನಿಯಲ್ಲಿ ಚಿರತೆಗಳನ್ನು ಪಳಗಿಸಿ ಹೆಸರು ಮಾಡಿದರು. ಜೆಮಿನಿ ಸರ್ಕಸ್ ಕಟ್ಟಿದ ಜೆಮಿನಿ ಶಂಕರನ್ 2023ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲೂ ಸುದ್ದಿ ಬಂತು. ರಾತ್ರಿ ಊರ ಮೇಲೆ ಸುತ್ತುವ ಸರ್ಕಸ್ಸಿನ ಸರ್ಚ್ ಲೈಟ್ ನೋಡದ ಹಳೆಯ ತಲೆಮಾರಿನವರು ಕರ್ನಾಟಕದ ಯಾವ ಜಿಲ್ಲೆಯಲ್ಲಿದ್ದಾರೆ? ನೋಡಿದವರೇನೋ ಕೋಟಿ ಜನ. ಇಟ್ಟುಕೊಂಡವರು ಎಷ್ಟು ಅನ್ನುವುದೇ ಪ್ರಶ್ನೆ.

ಒಂದೇ ಉದಾಹರಣೆ ಕೊಡುತ್ತೇನೆ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ರಿಂಗ್‌ಲಿಂಗ್ ಡೇರೆಗೆ ಬೆಂಕಿ ಬಿತ್ತು. ನೀರು ಸೋರಬಾರದೆಂದು ಪೆಟ್ರೋಲಿನಲ್ಲಿ ಕರಗಿಸಿದ ಮೇಣವನ್ನು ಬಟ್ಟೆಗೆ ಬಳಿದಿದ್ದರು, ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಬ್ಯಾಂಡ್ ಮಾಸ್ಟರ್ ಮರ್ಲ್ ಇವಾನ್ಸ್ ಬೆಂಕಿ ಕಂಡ ಕೂಡಲೇ ಅಪಾಯದ ಸೂಚನೆಗೆಂದು ಗೊತ್ತು ಮಾಡಿದ್ದ ಮಾರ್ಚ್ ನುಡಿಸಿದ. ಕಲಾವಿದರು ಅದನ್ನು ಕೇಳಿ ಎಚ್ಚೆತ್ತರು. ಸತ್ತವರು ಕನಿಷ್ಠ 167. ಫೋಟೊ, ಹೇಳಿಕೆ, ಗುರುತು ಸಿಕ್ಕವರ ಹೆಸರು ಎಲ್ಲ ಉಳಿದಿವೆ, 2005ರಲ್ಲಿ ಅದೇ ಜಾಗದಲ್ಲಿ ಸ್ಮಾರಕವೂ ಆಯಿತು. ಈಗ ಬೆಂಗಳೂರಿಗೆ ಬನ್ನಿ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಮೊನ್ನೆ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ವಿಷಯ ತೆಗೆದೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗರು "ಹೌದಾ ಸಾರ್? ಯಾವಾಗ?" ಅಂದರು. ಅಂಥ ದಿನವೇ ಊರಿನ ನೆನಪಿನಿಂದ ಜಾರಿ ಹೋಗಿರುವಾಗ ಒಬ್ಬ ಜೋಕರ್, ಒಬ್ಬ ಟ್ರ್ಯಾಪೀಜ್ ಹುಡುಗಿ ಯಾರಿಗೆ ನೆನಪಿರಬೇಕು?

ಸರ್ಕಾರ ಮಾಡಲಿ, ಅಕಾಡೆಮಿ ಮಾಡಲಿ ಅಂತ ಮನವಿ ಬರೆಯುವ ಆಸೆ ನನಗಿಲ್ಲ. ಟೆಂಟಿನ ಮೀಟಿಂಗಿಗೆ ಹೋಗುತ್ತಿದ್ದ ಆ ವಕೀಲರೂ ಯಾರನ್ನೂ ಕೇಳಿ ಶುರು ಮಾಡಲಿಲ್ಲ. ಹಳೇ ಟ್ರಂಕು, ಅಂಗಡಿಯ ಅಟ್ಟ, ಪ್ರೆಸ್ ಇಟ್ಟಿದ್ದ ಅಜ್ಜನ ಕಪಾಟು ತೆಗೆದು ನೋಡಿ. ಸರ್ಕಸ್ ಕರಪತ್ರ, ಟಿಕೆಟ್ ಚೂರು, ಡೇರೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಸಿಕ್ಕಿದರೆ ಎರಡೂ ಬದಿ ಫೋಟೊ ತೆಗೆದು ಇಲ್ಲಿ ಹಾಕಿ. ಊರು ಯಾವುದು, ಸುಮಾರು ಯಾವ ವರ್ಷ, ಯಾರ ಮನೆಯಲ್ಲಿತ್ತು ಅಂತ ಒಂದು ಸಾಲು ಬರೆಯಿರಿ. ಕರಪತ್ರವಾಗಿದ್ದರೆ ಕೆಳತುದಿಯ ಸಣ್ಣ ಅಕ್ಷರವನ್ನು ಫೋಟೊದಲ್ಲಿ ಕತ್ತರಿಸಬೇಡಿ, ಪ್ರೆಸ್ಸಿನ ಹೆಸರು ಇರುವುದು ಅಲ್ಲೇ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ.