ಕುತ್ತಿಗೆ ಹಗುರಾಯಿತು, ದನಿ ಬರಲಿಲ್ಲ

ಜ್ಯೇಷ್ಠಮಧು, ಕಲ್ಲುಸಕ್ಕರೆ ಜೊತೆಗೆ ಕಾಳುಮೆಣಸು, ಉಪ್ಪುನೀರಿನ ಮುಕ್ಕಳಿಕೆ, ಶೃಂಗೇರಿ ಶಾರದಾಂಬೆಗೆ ಹರಕೆ. ನನ್ನ ದನಿ ಕೆಟ್ಟ ಮೇಲೆ ನೆಂಟರಿಷ್ಟರು ಸೂಚಿಸದ ಉಪಾಯವಿಲ್ಲ. ಈಚಿನ ವರ್ಷಗಳಲ್ಲಿ ಅದೇ ಪಟ್ಟಿಗೆ ಹೊಸದೊಂದು ಸೇರಿದೆ: ಕೈರೊಪ್ರಾಕ್ಟಿಕ್, ಅಂದರೆ ಬೆನ್ನು ಕುತ್ತಿಗೆಯ ಮೂಳೆಗಳನ್ನು ಕೈಯಿಂದ ಒತ್ತಿ ತಿರುಚುವ ಚಿಕಿತ್ಸೆ. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ. ಮೇಜಿನ ಮೇಲೆ ಮಲಗಿದವರ ತಲೆಯನ್ನು ಒಬ್ಬಾತ ಎರಡೂ ಕೈಯಲ್ಲಿ ಹಿಡಿದು ಫಕ್ಕನೆ ತಿರುಗಿಸುತ್ತಾನೆ, ಮೈಕಿನಲ್ಲಿ ಲಟಲಟ ಸದ್ದು ಕೇಳುತ್ತದೆ, ಮಲಗಿದವರು ಎದ್ದು ಕೂತು ಕಣ್ಣೀರು ಒರೆಸಿಕೊಳ್ಳುತ್ತಾರೆ. ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ಬಿಟ್ಟಿಯಾಗಿ ಸಿಗುತ್ತಿದ್ದ ಲಟಿಕೆಗೆ ಬಿಳಿ ಕೋಟು ತೊಡಿಸಿದಂತಿದೆ ಎಂದು ನಾನು ನಕ್ಕಿದ್ದೆ. ಆದರೂ ಹೋದೆ. ಹೋದದ್ದಕ್ಕೆ ನನಗೆ ನಾಚಿಕೆಯೇನಿಲ್ಲ. ಅಲ್ಲಿ ಹೇಳಿದ ಕಾರಣದ ಬಗ್ಗೆ ಮಾತ್ರ ತಕರಾರಿದೆ.

ಮೊದಲು ಕಾಯಿಲೆಯ ವಿಚಾರ. ಹೆಸರು ಸ್ಪಾಸ್ಮೋಡಿಕ್ ಡಿಸ್ಫೋನಿಯಾ. ಮಿದುಳಿನಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಹೋಗುವ ಅಪ್ಪಣೆ ಹದ ತಪ್ಪಿ, ಮಾತಿನ ನಡುವೆ ಧ್ವನಿತಂತುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಯಾರೋ ಗಂಟಲು ಹಿಸುಕಿದಂತೆ ದನಿ ತುಂಡಾಗುತ್ತದೆ. ಲಕ್ಷಕ್ಕೊಬ್ಬರಿಗೆ ಬರುತ್ತದೆ ಎಂದು ಒಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಅಮೆರಿಕದ ಆರೋಗ್ಯ ಇಲಾಖೆಯ ಹೊಣೆ ಹೊತ್ತ ರಾಬರ್ಟ್ ಎಫ್. ಕೆನಡಿ ಜೂನಿಯರ್ ಮಾತನಾಡುವುದನ್ನು ಕೇಳಿದ್ದರೆ ನಿಮಗೆ ಅಂದಾಜಾಗುತ್ತದೆ, ಅವರಿಗಿರುವುದೂ ಇದೇ. ಅವರ ವಿಚಾರಗಳ ಬಗ್ಗೆ ನನ್ನನ್ನು ಕೇಳಬೇಡಿ. ಅವರ ಗಂಟಲಿನ ಬಗ್ಗೆ ಮಾತ್ರ ನನಗೆ ಪೂರ್ತಿ ಸಹಾನುಭೂತಿ.

ನಾನು ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದೇನೆ. ಕಂತು ಕಟ್ಟದವರಿಗೆ ಫೋನ್ ಮಾಡುವುದು ನನ್ನ ಕೆಲಸದ ಒಂದು ಭಾಗ. ಈ ಕಾಯಿಲೆಯವರಿಗೆ ಫೋನಿನಷ್ಟು ಕಷ್ಟದ್ದು ಬೇರೆ ಇಲ್ಲ. ಅದರಲ್ಲೂ ಸ್ವರದಿಂದ ಶುರುವಾಗುವ ಪದಗಳು ಬಂದರೆ ಮುಗಿಯಿತು. ‘ಪುಟ್ಟಿ ಕಾಫಿ ಕೊಟ್ಟಳು’ ಎನ್ನುವುದು ಹೇಗೋ ದಾಟುತ್ತದೆ. ‘ಅಮ್ಮ ಆಮೇಲೆ ಊರಿಗೆ ಬರುವಳು’ ಎನ್ನುವಷ್ಟರಲ್ಲಿ ಉಸಿರು ಕಟ್ಟಿ ಎದೆ ನೋಯುತ್ತದೆ. ‘ಅಸಲು’ ಎಂಬ ಪದವಿಲ್ಲದೆ ಸಾಲ ವಸೂಲಿ ಮಾಡುವುದು ಹೇಗೆ? ಆ ಕಡೆಯವರಿಗೆ ನಾನು ಅಳುತ್ತಿದ್ದೇನೆ ಎನಿಸುತ್ತಿತ್ತು. “ಅಳಬೇಡಿ ಮೇಡಂ, ಸೋಮವಾರ ಖಂಡಿತ ಕಟ್ಟುತ್ತೇನೆ” ಎಂದು ಅಡಿಕೆ ವ್ಯಾಪಾರಿಯೊಬ್ಬರು ಸಮಾಧಾನ ಹೇಳಿ, ಮಾತಿನಂತೆ ಕಟ್ಟಿಯೂ ಬಿಟ್ಟರು. ನಮ್ಮ ಮ್ಯಾನೇಜರಿಗೆ ಅದು ಬಹಳ ಇಷ್ಟವಾಯಿತು.

ವಿಚಿತ್ರವೆಂದರೆ ಗುರುವಾರದ ಭಜನೆಯಲ್ಲಿ ನನ್ನ ದನಿಗೆ ಏನೂ ಆಗುವುದಿಲ್ಲ. ಹಾಡುವಾಗ, ನಗುವಾಗ, ಪಿಸುಗುಟ್ಟುವಾಗ ಗಂಟಲು ಸಲೀಸು. ಈ ಕಾಯಿಲೆಯ ಸ್ವಭಾವವೇ ಅದು: ಧ್ವನಿತಂತುಗಳು ಅವೇ ಆದರೂ ಮಾತೆಂಬ ಒಂದು ಕೆಲಸಕ್ಕೆ ಮಾತ್ರ ಹಟ ಹಿಡಿಯುತ್ತವೆ. ನೋಡುವವರಿಗೆ ಇದು ನಾಟಕದಂತೆಯೇ ಕಾಣುತ್ತದೆ. “ದೇವರ ಮುಂದೆ ಸರಿ ಇರುವ ಗಂಟಲು ನನ್ನ ಮುಂದೆ ಯಾಕೆ ಕೆಡುತ್ತದೆ?” ಎಂದು ಅತ್ತೆ ಕೇಳಿದ್ದರಲ್ಲಿ ಅವರ ತಪ್ಪಿಲ್ಲ. ವೈದ್ಯರೇ ಹಾಗೆ ಅಂದುಕೊಂಡಿದ್ದರು. 1871ರಲ್ಲಿ ಜರ್ಮನಿಯ ಲುಡ್ವಿಗ್ ಟ್ರೌಬೆ ಇದನ್ನು ದಾಖಲಿಸಿದ ಮೇಲೆ ಸುಮಾರು ನೂರು ವರ್ಷ ಇದನ್ನು ಮನಸ್ಸಿನ ಕಾಯಿಲೆ ಎಂದೇ ಹೆಚ್ಚಿನವರು ನಂಬಿದ್ದರು. ನಾನು ಮೊದಲು ತೋರಿಸಿಕೊಂಡ ಇಎನ್‌ಟಿ ವೈದ್ಯರು ಇನ್ನೂ ಆ ನೂರು ವರ್ಷದಲ್ಲೇ ಇದ್ದರು. ಮೂಗಿನಿಂದ ಕ್ಯಾಮೆರಾ ಕೊಳವೆ ಇಳಿಸಿ, “ಗಂಟಿಲ್ಲ, ಊತವಿಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ” ಎಂದು ಅಸಿಡಿಟಿ ಮಾತ್ರೆ ಬರೆದುಕೊಟ್ಟರು.

ಕೊನೆಗೆ ರೋಗಕ್ಕೆ ಹೆಸರು ಸಿಕ್ಕಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತಿನ ತೊಂದರೆಗೆ ದೇಶದ ಮೂಲೆಮೂಲೆಯಿಂದ ಜನ ಬರುವ ಜಾಗ ನಮ್ಮ ಬಗಲಲ್ಲೇ ಇದ್ದರೂ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಓದಿಸಿದರು, ಎಣಿಸಿದರು, ಹಾಡಿಸಿದರು, ಪಿಸುಗುಟ್ಟಿಸಿದರು. ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ, ಪಳಗಿದ ಕಿವಿಯೇ ಬೇಕು. ಗುಣವಾಗುವ ಚಿಕಿತ್ಸೆಯೂ ಇಲ್ಲ ಎಂದು ನೇರವಾಗಿ ಹೇಳಿದರು. ಇರುವುದು ಬೊಟಾಕ್ಸ್ ಚುಚ್ಚುಮದ್ದು, 1984ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬ್ಲಿಟ್ಜರ್ ಈ ರೋಗಕ್ಕೆ ಮೊದಲು ಬಳಸಿದ್ದು. ಕತ್ತಿನ ಮುಂಭಾಗದಿಂದ ಸೂಜಿ ತೂರಿಸಿ ಧ್ವನಿತಂತಿನ ಸ್ನಾಯುವನ್ನು ಸ್ವಲ್ಪ ದುರ್ಬಲಗೊಳಿಸುತ್ತಾರೆ. ಮೊದಲ ಒಂದೆರಡು ವಾರ ದನಿ ಬರೀ ಗಾಳಿ, ನೀರು ಕುಡಿದರೆ ಕೆಮ್ಮು, ಆಮೇಲೆ ಮೂರು ನಾಲ್ಕು ತಿಂಗಳು ಮನುಷ್ಯರಂತೆ ಮಾತು, ಮತ್ತೆ ಸೂಜಿ. ಜೀವನಪೂರ್ತಿ ಇದೇ ಎಂದಾಗ, ದುಡ್ಡಿನ ಲೆಕ್ಕ ಗೊತ್ತಿರುವ ಯಾರೇ ಆದರೂ ಬೇರೆ ದಾರಿ ಇದೆಯೇ ಎಂದು ಹುಡುಕದೆ ಇರುವುದಿಲ್ಲ.

ಹಾಗೆ ಹುಡುಕಿ ಹೋದದ್ದು ಬೆಂಗಳೂರಿನ ಒಂದು ಕೈರೊಪ್ರಾಕ್ಟಿಕ್ ಕ್ಲಿನಿಕ್ಕಿಗೆ. ಎಕ್ಸ್-ರೇ ತೆಗೆಸಿ, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕತ್ತಿನ ಮೂಳೆಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. “ಇಲ್ಲಿ ಮೂಳೆ ಜರುಗಿದೆ, ದನಿಯ ನರ ಇಲ್ಲೇ ಒತ್ತಿಹೋಗಿದೆ.” ಹಲವು ಸಲದ ಪ್ಯಾಕೇಜ್, ಮುಂಗಡ ಕಟ್ಟಿದರೆ ರಿಯಾಯಿತಿ. ಮೇಜಿನ ತಲೆಯ ಕಡೆ ಮುಖ ಇಡಲು ಒಂದು ತೂತು, ಅದರ ಮೇಲೆ ಪ್ರತಿಯೊಬ್ಬರಿಗೂ ಹೊಸ ಕಾಗದ ಹಾಸುತ್ತಾರೆ. ನನ್ನ ಉಸಿರಿಗೆ ಆ ಕಾಗದ ಒದ್ದೆಯಾಗಿ ಮೂಗಿಗೆ ಅಂಟುತ್ತಿತ್ತು. ಅವರ ಹೆಬ್ಬೆರಳುಗಳು ತಲೆಬುರುಡೆಯ ಬುಡದಿಂದ ಭುಜದವರೆಗೆ ನಿಧಾನವಾಗಿ ಇಳಿದವು. ಆಮೇಲೆ ಮಗ್ಗುಲಾಗಿಸಿ, ತಲೆ ಹಿಡಿದು, ಲಟಕ್.

“ಈಗ ಆ ಎನ್ನಿ” ಎಂದರು. “ಆ...” ಎಂದೆ. ನೀಟಾಗಿ ಬಂತು! ಅವರ ಮುಖ ಅರಳಿತು, ನನ್ನದೂ. ಆದರೆ ಒಂದೇ ಸ್ವರವನ್ನು ಎಳೆದು ಹಿಡಿಯುವುದು ಈ ಕಾಯಿಲೆಯವರಿಗೆ ಸಾಲುಸಾಲು ಮಾತಿಗಿಂತ ಸುಲಭ ಎಂದು ಮೈಸೂರಿನಲ್ಲಿ ಆಗಲೇ ಹೇಳಿದ್ದರು. ಮೆಟ್ಟಿಲಿಳಿದು ಮನೆಗೆ ಫೋನ್ ಮಾಡಿ “ಆಯಿತು, ಆರು ಗಂಟೆ ಬಸ್ಸಿಗೆ ಹೊರಡುತ್ತೇನೆ” ಎನ್ನಲು ಹೋದರೆ ದನಿ ಮೊದಲಿನಂತೆಯೇ ತುಂಡು ತುಂಡು. ಮುಂದಿನ ವಾರಗಳಲ್ಲೂ ಕಥೆ ಅದೇ ಆಯಿತು. ಕುತ್ತಿಗೆ ಹಗುರಾಗುತ್ತಿತ್ತು, ಆ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು, ದನಿ ಇದ್ದಲ್ಲೇ ಇತ್ತು.

ಈಗ ಆ ಕೆಂಪು ಗೆರೆಯ ವಿಚಾರ. ಧ್ವನಿಪೆಟ್ಟಿಗೆಯ ನರ ಕತ್ತಿನ ಮೂಳೆಗಳ ಸಂದಿನಿಂದ ಹೊರಡುವುದೇ ಇಲ್ಲ. ಅದು ವೇಗಸ್ ಎಂಬ ನರದ ಕವಲು. ವೇಗಸ್ ತಲೆಬುರುಡೆಯ ತಳದ ರಂಧ್ರದಿಂದ ಇಳಿದು, ಕತ್ತಿನಲ್ಲಿ ಬೆನ್ನೆಲುಬಿನ ಮುಂದುಗಡೆ ದೊಡ್ಡ ರಕ್ತನಾಳಗಳ ಜೊತೆ ಸಾಗುತ್ತದೆ. ಎಡಗಡೆಯ ಕವಲಂತೂ ಎದೆಯವರೆಗೆ ಹೋಗಿ, ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಕೆಳಗಿನಿಂದ ಬಳಸಿ, ಮತ್ತೆ ಮೇಲೇರಿ ಗಂಟಲು ಸೇರುತ್ತದೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಕೆಲವರ ದನಿ ಕೂರುವುದು ಈ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುವುದರಿಂದ. ಬೆನ್ನುಮೂಳೆ ಜರುಗಿ ಇದು ಒತ್ತಿಹೋಗಲು ಅದು ಆ ದಾರಿಯಲ್ಲೇ ಇಲ್ಲ. ಅಷ್ಟಕ್ಕೂ ನನ್ನ ಕಾಯಿಲೆಯಲ್ಲಿ ನರಕ್ಕೆ ಏನೂ ಆಗಿಲ್ಲ, ಮೇಲಿಂದ ಬಂದ ತಪ್ಪು ಅಪ್ಪಣೆಯನ್ನು ಅದು ನಿಷ್ಠೆಯಿಂದ ಮುಟ್ಟಿಸುತ್ತಿದೆ. ಇದನ್ನು ಕೇಳಿದಾಗ ಕ್ಲಿನಿಕ್ಕಿನವರು, “ಎಲ್ಲಾ ನರಗಳೂ ಬೆನ್ನುಹುರಿಗೆ ಸೇರಿದವೇ ಅಲ್ಲವೇ ಮೇಡಂ” ಎಂದು ನಕ್ಕರು.

ಈ ತರ್ಕ ಅವರು ಹುಟ್ಟಿಸಿದ್ದಲ್ಲ, ಪದ್ಧತಿಯ ಜೊತೆಗೇ ಹುಟ್ಟಿದ್ದು. 1895ರ ಸೆಪ್ಟೆಂಬರ್ 18ರಂದು ಅಮೆರಿಕದ ಅಯೋವಾ ರಾಜ್ಯದ ಡೆವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಎಂಬಾತ, ತನ್ನ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬುವನ ಬೆನ್ನುಮೂಳೆ ಒತ್ತಿ, ಅವನ ಕಿವುಡು ವಾಸಿ ಮಾಡಿದೆನೆಂದು ಹೇಳಿಕೊಂಡ. ಕೈರೊಪ್ರಾಕ್ಟಿಕ್ಕಿನ ಮೂಲಕಥೆಯೇ ಇದು. ಕೇಳುವ ನರ ಒಳಗಿವಿಯಿಂದ ಮಿದುಳಿಗೆ ತಲೆಬುರುಡೆಯ ಒಳಗೇ ಹೋಗುತ್ತದೆ, ಬೆನ್ನಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅಂದು ಕಿವಿಗೆ ಹೇಳಿದ್ದನ್ನು ಇಂದು ನನ್ನ ಗಂಟಲಿಗೆ ಹೇಳಿದರು, ಅಷ್ಟೇ ವ್ಯತ್ಯಾಸ.

ಹಾಗಾದರೆ ಹಿತವೆನಿಸಿದ್ದು ಸುಳ್ಳೇ? ಖಂಡಿತ ಅಲ್ಲ. ದಿನವಿಡೀ ಬಿಗಿದ ದನಿಯನ್ನು ಹೊರಗೆ ತಳ್ಳಿ ತಳ್ಳಿ ನಮ್ಮಂಥವರ ಕುತ್ತಿಗೆ, ದವಡೆ, ಭುಜ ಎಲ್ಲ ಸೆಟೆದಿರುತ್ತವೆ. ಅದನ್ನು ಸಡಿಲಿಸಿದರೆ ಸುಖವಾಗದೆ ಇನ್ನೇನು? ಇನ್ನೂ ಒಂದು ಮಾತಿದೆ. ಸ್ನಾಯುಗಳ ಬಿಗಿತವೇ ಮೂಲವಾಗಿರುವ ಬೇರೊಂದು ದನಿಯ ತೊಂದರೆ ಇದೆ. ಶಾಲಾ ಶಿಕ್ಷಕರಲ್ಲಿ, ಹಾಡುಗಾರರಲ್ಲಿ ಸಿಗುತ್ತದೆ, ಹೊರಗಿನ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಸ್ಪೀಚ್ ಥೆರಪಿಸ್ಟರು ಗಂಟಲ ಗಟ್ಟೆಯ ಸುತ್ತ ಬೆರಳಿನಿಂದ ಮೃದುವಾಗಿ ನೀವಿ, ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಸಡಿಲಿಸಿ, ಜೊತೆಗೆ ದನಿಯ ಅಭ್ಯಾಸ ಮಾಡಿಸುತ್ತಾರೆ. ಕೆಲವರ ದನಿ ಅದೇ ದಿನ ಬಿಡಿಸಿಕೊಂಡದ್ದೂ ಉಂಟು. “ಕುತ್ತಿಗೆ ಹಿಡಿದರು, ದನಿ ಬಂತು” ಎನ್ನುವವರಲ್ಲಿ ಇಂಥವರು ಇರಬಹುದೆಂದು ನನ್ನ ಗುಮಾನಿ. ಅದಕ್ಕೆ ಮೂಳೆ ತಿರುಚುವ ಅಗತ್ಯವೇ ಇಲ್ಲ.

ತಿರುಚುವುದರಲ್ಲಿ ಅಪಾಯವೂ ಇದೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳೊಳಗೇ ಹಾದು ಮೇಲೇರುತ್ತವೆ. ಕುತ್ತಿಗೆ ತಿರುಚಿಸಿಕೊಂಡ ಮೇಲೆ ಈ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳಿವೆ. ಅಪರೂಪ, ನಿಜ. ಆದರೆ ತಿರುಚುವ ಮೊದಲು ರೋಗಿಗೆ ಈ ವಿಷಯ ತಿಳಿಸಬೇಕೆಂದು ಅಮೆರಿಕದ ಹೃದ್ರೋಗ ಸಂಘ 2014ರಲ್ಲೇ ಹೇಳಿದೆ. ನನಗೆ ಯಾರೂ ತಿಳಿಸಲಿಲ್ಲ, ಸಹಿಯನ್ನೂ ಕೇಳಲಿಲ್ಲ. ನಮ್ಮಲ್ಲಿ ಸ್ಪೀಚ್ ಥೆರಪಿಸ್ಟ್ ಆಗಬೇಕಾದರೆ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು. ಕೈರೊಪ್ರಾಕ್ಟರಿಗೆ ಅಂಥ ಶಾಸನಬದ್ಧ ಮಂಡಳಿಯೇ ಇಲ್ಲ. ದೂರು ಕೊಡುವುದಾದರೂ ಯಾರಿಗೆ?

ಇಷ್ಟಾದರೂ ಅಲ್ಲಿಗೆ ಹೋಗುವವರನ್ನು ಮೂಢರೆಂದು ಜರೆಯುವವರ ಜೊತೆ ನಾನು ಸೇರಲಾರೆ. ಆ ಕ್ಲಿನಿಕ್ಕಿನಲ್ಲಿ ನಾನು ಒಂದು ವಾಕ್ಯ ಮುಗಿಸುವವರೆಗೆ ಕಾದರು, ನನ್ನ ಪರವಾಗಿ ತಾವೇ ವಾಕ್ಯ ಪೂರ್ತಿ ಮಾಡಲಿಲ್ಲ. ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ನನಗೆ ಅಷ್ಟು ವ್ಯವಧಾನ ಸಿಕ್ಕಿದ್ದು ಕಡಿಮೆ. ಸರಿಯಾದ ಜ್ಞಾನ ಇರುವವರ ಬಳಿ ಸಮಯವಿಲ್ಲ, ಸಮಯ ಇರುವವರು ಹೇಳುವ ಕಾರಣ ಸುಳ್ಳು. ರೋಗಿ ಎರಡರ ನಡುವೆ ಬಸ್ಸಿನಲ್ಲಿ ಓಡಾಡುತ್ತಾಳೆ.

ಈಗ ನಾನು ಬೊಟಾಕ್ಸ್ ತೆಗೆದುಕೊಳ್ಳುತ್ತಿದ್ದೇನೆ. ಕುತ್ತಿಗೆ ಸೆಟೆದರೆ ನಮ್ಮೂರಿನ ಫಿಸಿಯೋಥೆರಪಿಸ್ಟ್ ಹುಡುಗಿ ಇದ್ದಾಳೆ, ದನಿ ಬರಿಸುತ್ತೇನೆಂದು ಅವಳು ಹೇಳುವುದಿಲ್ಲ.

ಕಳೆದ ವಾರ ನಮ್ಮ ಕ್ಯಾಷಿಯರ್ ಮಂಜುನಾಥ ತನ್ನ ಸೊಂಟನೋವಿಗೆ ಕೈರೊಪ್ರಾಕ್ಟಿಕ್ ಆದೀತೇ ಎಂದು ಕೇಳಿದ. ಸೊಂಟನೋವಿಗಾದರೆ ಹೋಗು, ಸ್ವಲ್ಪ ಮಟ್ಟಿಗೆ ಪ್ರಯೋಜನವಾಗಬಹುದು, ಅಮೆರಿಕದ ವೈದ್ಯರ ಸಂಘವೊಂದು 2017ರ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ಇಂಥ ಚಿಕಿತ್ಸೆಯನ್ನೂ ಸೇರಿಸಿದೆ ಎಂದೆ. ಕುತ್ತಿಗೆ ಮುಟ್ಟಲು ಬಿಡಬೇಡ, ಪ್ಯಾಕೇಜಿಗೆ ಮುಂಗಡ ಕಟ್ಟಬೇಡ ಎಂದೂ ಹೇಳಿದೆ. ಕುತ್ತಿಗೆಯ ವಿಷಯಕ್ಕೆ ಸುಮ್ಮನೆ ತಲೆಯಾಡಿಸಿದ. ಮುಂಗಡದ ವಿಷಯವನ್ನು ಮಾತ್ರ ಎರಡೆರಡು ಸಲ ಕೇಳಿ ತಿಳಿದುಕೊಂಡ.