ತಾನೇ ಓಡುವ ಕಾರಿಗಿಂತ ಮೊದಲು ತಾನೇ ಬ್ರೇಕ್ ಹಾಕುವ ಕಾರು ಬೇಕು

ಚಾಲಕನಿಲ್ಲದ ಕಾರು ಬಂದರೆ ಅಪಘಾತಗಳೇ ನಿಂತುಹೋಗುತ್ತವೆ ಎನ್ನುವವರು 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದಲ್ಲಿ ನಡೆದದ್ದನ್ನು ಒಮ್ಮೆ ಪೂರ್ತಿ ಓದಬೇಕು. ಟೆಂಪಿ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು ಗುದ್ದಿತು, ಆಕೆ ಉಳಿಯಲಿಲ್ಲ. ಗುದ್ದುವ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗಳಿಗೆ ಆಕೆ ಕಂಡಿದ್ದರು. ಸಾಫ್ಟ್‌ವೇರ್ ಮಾತ್ರ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಎಂದುಕೊಳ್ಳುತ್ತಾ ಪ್ರತಿ ಸಲವೂ ಚಲನೆಯ ಲೆಕ್ಕವನ್ನು ಹೊಸದಾಗಿ ಶುರುಮಾಡಿತು. ನಿಗಾ ಇಡಬೇಕಿದ್ದ ಆಪರೇಟರ್ ರಸ್ತೆ ನೋಡುತ್ತಿರಲಿಲ್ಲ. ಆ ವೋಲ್ವೊ ಕಾರಿನಲ್ಲಿ, ಎದುರಿನ ಅಪಾಯ ಕಂಡು ತಾನೇ ಬ್ರೇಕ್ ಹಾಕುವ ತುರ್ತು ಬ್ರೇಕ್ ವ್ಯವಸ್ಥೆ ಕಾರ್ಖಾನೆಯಿಂದಲೇ ಬಂದಿತ್ತು. ಸ್ವಯಂಚಾಲನೆಗೆ ಅಡ್ಡ ಬರಬಾರದೆಂದು ಅದನ್ನು ಆಫ್ ಮಾಡಿಟ್ಟಿದ್ದರು.

ಸುಮ್ಮನೆ ಕೂತು ಕಾಯುವ ಕೆಲಸಕ್ಕೆ ಮನುಷ್ಯನ ಗಮನ ಒಗ್ಗುವುದಿಲ್ಲ, ಯಂತ್ರಕ್ಕೆ ಅದು ಸಲೀಸು. ಹಾಗಾಗಿ ಓಡಿಸುವುದು ನಾವು, ಬೆನ್ನಿಗಿರುವುದು ಅದು ಎಂಬ ವ್ಯವಸ್ಥೆಯೇ ನಮಗೆ ಈಗ ಬೇಕಿರುವುದು. ವೇಮೋ ಕಂಪನಿಯ ಟ್ಯಾಕ್ಸಿಗಳು ಅಮೆರಿಕದ ಫೀನಿಕ್ಸ್ ನಗರದಲ್ಲಿ ಚಾಲಕರಿಲ್ಲದೆ ಓಡುತ್ತಿವೆ, ನಿಜ. ಆದರೆ ಅವು ಓಡುವುದು ಇಂಚಿಂಚೂ ನಕ್ಷೆ ಮಾಡಿಟ್ಟ ಸೀಮಿತ ಪ್ರದೇಶದಲ್ಲಿ.

ಲೆಕ್ಕ ನೋಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಪಾಯ ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಕಳೆದೇ ಹೋಯಿತು, ಕಾರು ನಿಲ್ಲುವುದಕ್ಕೆ ಇನ್ನೂ 50 ಮೀಟರಿನಷ್ಟು ಬೇಕು. ತುರ್ತು ಬ್ರೇಕ್ ಉಳಿಸಿಕೊಡುವುದು ಆ ಮೊದಲ 42 ಮೀಟರಿನ ದೊಡ್ಡ ಪಾಲನ್ನು. ಪೂರ್ತಿ ನಿಲ್ಲದಿದ್ದರೂ 60ಕ್ಕೆ ಇಳಿದು ಗುದ್ದಿದರೆ ಬದುಕುವ ಸಾಧ್ಯತೆಯೇ ಬೇರೆ.

ಹಾಗೆಂದು ಅಡಾಸ್ (ಕ್ಯಾಮೆರಾ, ರೇಡಾರ್ ಬಳಸಿ ಚಾಲಕನಿಗೆ ನೆರವಾಗುವ, ತುರ್ತು ಬ್ರೇಕ್‌ನಂಥ ವ್ಯವಸ್ಥೆಗಳು) ಇದೆಯೆಂದು ಮೈಮರೆಯಬೇಡಿ. ಅದರ ದೊಡ್ಡ ದೌರ್ಬಲ್ಯ ನಿಂತ ಲಾರಿ. ಸೇತುವೆ, ಫಲಕ, ತಡೆಗೋಡೆ ಎಲ್ಲವೂ ರೇಡಾರ್‌ಗೆ ನಿಂತ ವಸ್ತುಗಳೇ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದುತ್ತದೆ, ಅದಕ್ಕೇ ಹೆಚ್ಚು ವೇಗದಲ್ಲಿ ನಿಶ್ಚಲ ವಸ್ತುಗಳನ್ನು ಎಷ್ಟೋ ವ್ಯವಸ್ಥೆಗಳು ಲೆಕ್ಕದಿಂದ ಬಿಡುತ್ತವೆ. ಕಾರಿನ ಮ್ಯಾನುಯಲ್‌ನಲ್ಲಿ ಇದನ್ನು ಬರೆದಿರುತ್ತಾರೆ, ದಯವಿಟ್ಟು ಓದಿ. ರಿಫ್ಲೆಕ್ಟರ್ ಇಲ್ಲದೆ ಹೆದ್ದಾರಿ ಬದಿಯಲ್ಲಿ ನಿಂತ ಲಾರಿಯನ್ನು ನೋಡಬೇಕಾದವರು ಇವತ್ತಿಗೂ ನೀವೇ.

ಇನ್ನು ನಾವೇ ತಂದುಕೊಳ್ಳುವ ತೊಂದರೆಗಳು. ಫಾಸ್ಟ್‌ಟ್ಯಾಗ್ ಅನ್ನು ಗಾಜಿನ ನಡುವೆ ಕನ್ನಡಿಯ ಹಿಂದೆ ಅಂಟಿಸುವ ರೂಢಿ. ಅಡಾಸ್‌ನ ಕ್ಯಾಮೆರಾ ಇರುವುದೂ ಅಲ್ಲೇ. ಅದರ ನೋಟಕ್ಕೆ ಅಡ್ಡವಾಗದಂತೆ ಪಕ್ಕಕ್ಕೆ ಅಂಟಿಸಿ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಶನ್, ಅಂದರೆ ಅದರ ನೋಟದ ದಿಕ್ಕನ್ನು ಸರಿಹೊಂದಿಸುವ ಕೆಲಸ, ಮಾಡಿಸಲೇಬೇಕು. ಒಂದು ಡಿಗ್ರಿ ವಾಲಿದರೂ 60 ಮೀಟರ್ ದೂರದಲ್ಲಿ ಒಂದು ಮೀಟರ್ ವ್ಯತ್ಯಾಸ, ಪಕ್ಕದ ಲೇನಿನ ಬೈಕ್ ನಿಮ್ಮ ಲೇನಿನಲ್ಲಿದ್ದಂತೆ ಕಾಣಬಹುದು. ಬಂಪರಿನ ರೇಡಾರ್ ಮುಂದೆ ನಂಬರ್ ಪ್ಲೇಟ್ ಫ್ರೇಮಾಗಲಿ ಗಾರ್ಡಾಗಲಿ ಬೇಡ. ಮಳೆಗಾಲದಲ್ಲಿ ಕೆಸರು ಒರೆಸಿ.

ನನ್ನ ನಿಜವಾದ ಸಿಟ್ಟು ಬೆಲೆಯ ಮೇಲೆ. ತುರ್ತು ಬ್ರೇಕ್ ಬಹುತೇಕ ಕಾರುಗಳಲ್ಲಿ ಟಾಪ್ ವೇರಿಯಂಟ್‌ಗೇ ಮೀಸಲು, ಸನ್‌ರೂಫ್ ಜೊತೆ ಸೇರಿಸಿ ಮಾರುತ್ತಾರೆ. ಯುರೋಪಿನಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಕಾರಿಗೂ ಅದು ಕಡ್ಡಾಯ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ 44ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅವರಿಗೆ ಮೊದಲು ಬೇಕಿರುವುದು ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್. 2019ರಿಂದ ಅದು ಕಡ್ಡಾಯವಾಗಿದ್ದು 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಮಾತ್ರ, ಹೆಚ್ಚು ಜನ ಓಡಿಸುವ 100–125 ಸಿಸಿ ಗಾಡಿಗಳಿಗೆ ಎರಡೂ ಚಕ್ರಕ್ಕೆ ಒಟ್ಟಿಗೆ ಬೀಳುವ ಸಿಬಿಎಸ್ ಬ್ರೇಕ್ ಇದ್ದರೆ ಸಾಕೆಂದರು. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗುವುದನ್ನು ಸಿಬಿಎಸ್ ತಡೆಯುವುದಿಲ್ಲ.