ಮೂರನೇ ಕೂಗು ಯಾರದು?

ಬೇಳೆ ಬೇಯಿಸುವುದು ಹೇಗೆ ಎಂದು ಯಾರನ್ನೇ ಕೇಳಿ, ಸಿಗುವುದು ಒಂದೇ ಉತ್ತರ: "ಮೂರು ಕೂಗು ಕೂಗಿಸಿ." ಯಾವ ಕುಕ್ಕರಿನಲ್ಲಿ? ಎಷ್ಟು ಉರಿಯಲ್ಲಿ? ಬೇಳೆ ಈ ವರ್ಷದ್ದೋ, ಹೋದ ವರ್ಷದ್ದೋ? ಅದೆಲ್ಲ ಕೇಳಬಾರದು. ಕೇಳಿದರೆ "ಇಷ್ಟೂ ಗೊತ್ತಿಲ್ವಾ" ಎಂಬ ನೋಟ ಬರುತ್ತದೆ. ನಮ್ಮ ಅತ್ತೆಯದು ಮೂರು ಕೂಗು. ನಮ್ಮ ಅಮ್ಮನದು ನಾಲ್ಕು. ಪಕ್ಕದ ಮನೆಯವರದು ಎರಡು ಕೂಗು, ಮೇಲೆ ಐದು ನಿಮಿಷ ಸಣ್ಣ ಉರಿ. ಮೂವರ ಬೇಳೆಯೂ ಬೇಯುತ್ತದೆ. ಉಳಿದಿಬ್ಬರಿಗೆ ಬೇಳೆ ಬೇಯಿಸಲು ಬರುವುದಿಲ್ಲ ಎಂದು ಮೂವರೂ ನಂಬಿದ್ದಾರೆ.

ನಿಜ ಹೇಳಬೇಕೆಂದರೆ ಕೂಗಿಗೂ ಬೇಳೆಗೂ ಅಂಥ ನಂಟೇನಿಲ್ಲ. ಒಳಗೆ ಆವಿ ಜಾಸ್ತಿಯಾದಾಗ ಅದು ಮೇಲಿನ ವೆಯಿಟನ್ನು ಎತ್ತಿ ಹೊರಗೆ ಬರುತ್ತದೆ, ಅಷ್ಟೆ. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕುಕ್ಕರಿನೊಳಗಿನ ಒತ್ತಡದಲ್ಲಿ ಅದೇ ನೀರು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಆ ಶಾಖದಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಬೇಳೆ ಬೇಯುತ್ತದೆ. ದೊಡ್ಡ ಉರಿಯಲ್ಲಿ ಮೂರು ಕೂಗು ಗಡಿಬಿಡಿಯಲ್ಲಿ ಮುಗಿದುಹೋಗಬಹುದು. ಸಣ್ಣ ಉರಿಯಲ್ಲಿ ಒಂದೂ ಕೂಗದೆ ಬೇಳೆ ಕರಗಿರಬಹುದು. ಕುಕ್ಕರ್ ಜೊತೆ ಬರುವ ಪುಸ್ತಕದಲ್ಲಿ ಇದನ್ನೆಲ್ಲ ಚೆನ್ನಾಗಿ ಬರೆದಿರುತ್ತಾರೆ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ, ಇಂತಿಷ್ಟು ನಿಮಿಷ ಬಿಡಿ ಅಂತ. ಆ ಪುಸ್ತಕ ನಮ್ಮ ಮನೆಯಲ್ಲಿ ಗ್ಯಾಸ್ ಕನೆಕ್ಷನ್ ಕಾಗದ, ಮಿಕ್ಸಿ ವಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿ ಭದ್ರವಾಗಿದೆ. ಯಾರೂ ಓದಿ ಕೆಡಿಸಿಲ್ಲ.

ನಮ್ಮ ಮನೆಯಲ್ಲಿ ಕೂಗು ಎಣಿಸುವ ಖಾತೆ ಮಾವನವರದು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ವಿದ್ಯುತ್ ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿ ರಿಟೈರ್ ಆದವರು. ಏನನ್ನಾದರೂ ಓದಿ ಬರೆದುಕೊಳ್ಳದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಬೆಳಗ್ಗೆ ಪೇಪರ್ ಹಿಡಿದು ಕೂತು, ಪದಬಂಧದ ಪಕ್ಕದ ಖಾಲಿ ಜಾಗದಲ್ಲಿ ಗೀಟು ಹಾಕುತ್ತಾರೆ. ಒಂದು ಕೂಗಿಗೆ ಒಂದು ಗೀಟು. ಮೂರನೇ ಗೀಟು ಬಿದ್ದ ಕೂಡಲೇ ಕೂತಲ್ಲಿಂದಲೇ "ಆಫ್!" ಎನ್ನುತ್ತಾರೆ. ನಾನು ಬಚ್ಚಲಲ್ಲಿದ್ದರೂ ಸರಿ, ದೇವರಿಗೆ ದೀಪ ಹಚ್ಚುತ್ತಿದ್ದರೂ ಸರಿ, ಓಡಬೇಕು.

ತಕರಾರು ಇರುವುದು ಕೂಗು ಎಂದು ಯಾವುದನ್ನು ಕರೆಯಬೇಕು ಎಂಬಲ್ಲಿ. ಕುಕ್ಕರ್ ಮೊದಲು ಉಸ್ ಅನ್ನುತ್ತದೆ. ಆಮೇಲೆ ಟಿಕ್ ಟಿಕ್ ಅನ್ನುತ್ತದೆ. ಆಮೇಲೆ ವೆಯಿಟ್ಟು ಸ್ವಲ್ಪ ಮೇಲೆದ್ದು, ಮನಸ್ಸು ಬದಲಾಯಿಸಿ, ಮತ್ತೆ ಕೂತುಬಿಡುತ್ತದೆ. ಮಾವನವರು ಇದಕ್ಕೆ ಅರ್ಧ ಗೀಟು ಹಾಕುತ್ತಾರೆ. ಅತ್ತೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮವರಿಗೆ ಯಾವ ಅಭಿಪ್ರಾಯವೂ ಇಲ್ಲ, ಫೋನ್ ನೋಡುತ್ತಿರುತ್ತಾರೆ. ಹೀಗೆ ಎರಡು ಅರೆಕೂಗು ಸೇರಿಸಿ ಒಂದು ಮಾಡಿ ಒಲೆ ಆರಿಸಿದ ಬೇಳೆಯನ್ನು ನಾವೆಲ್ಲ ಎಷ್ಟೋ ಸಲ ಉಂಡಿದ್ದೇವೆ. ಸಾರು ಒಂದು ಕಡೆ, ಬೇಳೆ ಒಂದು ಕಡೆ. "ಕಾಳುಕಾಳಾಗಿದ್ರೆ ಒಳ್ಳೇದಮ್ಮ, ಜಗಿದು ತಿನ್ನಬಹುದು" ಎಂದು ಮಾವ ಸಮಾಧಾನ ಹೇಳುತ್ತಾರೆ. ಅವರ ಹಲ್ಲಿನ ಸೆಟ್ಟು ಆ ಹೊತ್ತಿಗೆ ಲೋಟದಲ್ಲಿರುತ್ತದೆ.

ಇದು ಮನೆಯೊಳಗಿನ ಪಂಚಾಯ್ತಿ. ಅಪಾರ್ಟ್‌ಮೆಂಟಿನದು ಬೇರೆಯೇ. ಎಲ್ಲರ ಯುಟಿಲಿಟಿಯೂ ಒಂದರ ಮೇಲೊಂದು, ಪಕ್ಕದಲ್ಲಿ ಉದ್ದಕ್ಕೆ ಒಂದು ಡಕ್ಟ್. ಬೆಳಗ್ಗೆ ಏಳೂವರೆಗೆ ಎಲ್ಲ ಮನೆಗಳಲ್ಲೂ ಕುಕ್ಕರ್ ಇಟ್ಟಿರುತ್ತಾರೆ. ಕೆಳಗಿನವರದು ಕೂಗಿದರೆ ಸದ್ದು ನಮ್ಮ ಸಿಂಕಿನ ಹತ್ತಿರ ಕೇಳುತ್ತದೆ. ಒಂದು ದಿನ ಮಾವ ಎಂದಿನಂತೆ "ಆಫ್!" ಎಂದರು, ನಾನು ಆರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳಕ್ಕೆ ಕೈ ಹಾಕಿದರೆ ಸಲೀಸಾಗಿ ಬಂತು. ಒಳಗೆ ನೀರು ಬೆಚ್ಚಗಿತ್ತು. ಬೇಳೆ ತಣ್ಣಗೆ ತಳದಲ್ಲಿ ಕೂತಿತ್ತು. ವಿಚಾರಣೆ ನಡೆದು, ಮೊದಲನೇ ಕೂಗು ಮೇಲಿನ 304ರದು, ಎರಡನೆಯದು ಕೆಳಗಿನ 104ರದು ಎಂದು ತೀರ್ಮಾನವಾಯಿತು. ಮೂರನೇ ಕೂಗು ಯಾರದು ಎಂಬುದು ಇವತ್ತಿಗೂ ಪತ್ತೆಯಾಗಿಲ್ಲ.

ಅವಮಾನವಾಯಿತೋ ಏನೋ, ಮಾವ ಅಂದಿನಿಂದ ಪ್ರತಿ ಮನೆಯ ಕೂಗನ್ನೂ ಗುರುತು ಹಿಡಿಯಲು ಕಲಿತರು. ಕೂಗಿನಿಂದ ಊಟ ಏನೆಂದೂ ಹೇಳಬಲ್ಲರು. "304ರಲ್ಲಿ ಇವತ್ತು ಕಡಲೆಕಾಳು, ಏಳಾಯ್ತು ಇನ್ನೂ ನಿಂತಿಲ್ಲ." "104ರಲ್ಲಿ ಬರೀ ಅನ್ನ. ಸಾರು ನಿನ್ನೇದೇ ಇರಬೇಕು." "204ರಲ್ಲಿ ಕೂಗೇ ಇಲ್ವಲ್ಲ, ಗಂಡ ಹೆಂಡ್ತಿ ಮಾತಾಡ್ತಿಲ್ಲ ಅಂತ ಕಾಣುತ್ತೆ." ಅತ್ತೆ ಬೈಯುತ್ತಾರೆ, ಬೈದ ಮೇಲೆ "ನಿನ್ನೆ ಕೂಗಿತ್ತಾ?" ಎಂದು ಕೇಳುತ್ತಾರೆ. 204 ನಮ್ಮ ಮನೆಯೇ ಎಂದು ನಾನು ನೆನಪಿಸಬೇಕಾಯಿತು.

ಈ ಕೂಗಿಗೆ ಕಿವಿ ನಿಮಿರುವುದು ಬರೀ ಮಾವನವರ ಕಾಯಿಲೆಯಲ್ಲ ಬಿಡಿ. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ ಒಂದು ಮೀಟಿಂಗಿನ ನಡುವೆ ಯಾರದೋ ಮೈಕಿನಲ್ಲಿ ಕುಕ್ಕರ್ ಕೂಗಿತು. ಪರದೆಯ ಮೇಲಿದ್ದ ಅರ್ಧಕ್ಕರ್ಧ ಜನ ಕುರ್ಚಿಯಿಂದ ಎದ್ದರು. ಮ್ಯಾನೇಜರ್ ಕೂಡ ಎದ್ದು ಹೋದರು. ತಮ್ಮ ಮನೆಯದಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದು, "ದಯವಿಟ್ಟು ಎಲ್ಲರೂ ಮ್ಯೂಟ್ ಮಾಡಿಕೊಳ್ಳಿ" ಎಂದರು.

ಆದರೆ ನಮ್ಮ ಮನೆಯ ದೊಡ್ಡ ಬೇಳೆ ಪ್ರಕರಣ ನಡೆದದ್ದು 2024ರ ಬೇಸಿಗೆಯಲ್ಲಿ. ನೆನಪಿದೆಯಲ್ಲ, ಬೆಂಗಳೂರಿನ ಬೋರ್‌ವೆಲ್ಲುಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದಿದ್ದ ಬೇಸಿಗೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಎತ್ತರ ಹತ್ತಿ ಬರಬೇಕು. ನಮ್ಮ ಬೀದಿಯವರೆಗೆ ಬರುವಷ್ಟು ತ್ರಾಣ ಅದಕ್ಕೆ ಉಳಿದಿರಲಿಲ್ಲ. ಟ್ಯಾಂಕರೇ ಗತಿ. ಎಲ್ಲಿಯ ನೀರು ಎಂದು ಕೇಳಿದರೆ ಡ್ರೈವರ್ ಕೈಯೆತ್ತಿ ಒಂದು ದಿಕ್ಕು ತೋರಿಸುತ್ತಿದ್ದ. ದಿನಕ್ಕೊಂದು ದಿಕ್ಕು.

ಅದೇ ಹೊತ್ತಿಗೆ ನಮ್ಮ ನಾದಿನಿ ಕಲಬುರಗಿಯಿಂದ ತೊಗರಿಬೇಳೆ ತಂದುಕೊಟ್ಟಿದ್ದಳು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಿಶೇಷ ಎಂಬ ಸರ್ಕಾರಿ ಮುದ್ರೆ, ಸಿಕ್ಕಿದೆ. ಅದು ತನ್ನ ಮಗಳಿಗೇ ಸಿಕ್ಕಿದ್ದು ಎಂಬ ಹೆಮ್ಮೆ ಅತ್ತೆಗೆ. "ಈ ಬೇಳೆ ನೋಡು, ನೀರು ತೋರಿಸಿದ್ರೆ ಸಾಕು ಬೆಂದುಹೋಗುತ್ತೆ" ಎಂದು ಡಬ್ಬಿಗೆ ತುಂಬಿಸಿದರು.

ಮೂರು ಕೂಗಿಗೆ ಮುಚ್ಚಳ ತೆಗೆದರೆ ಬೇಳೆ ಹಾಕಿದ್ದು ಹಾಕಿದಂತೆಯೇ ಇತ್ತು. ಮತ್ತೆ ಇಟ್ಟೆ. ಐದಾಯಿತು. ಏಳಾಯಿತು. ಮಾವನವರ ಗೀಟುಗಳು ಪದಬಂಧದ ಮನೆಗಳೊಳಗೆ ನುಗ್ಗಿದವು. ಮೇಲಿನ 304ರವರು ಲಿಫ್ಟಿನಲ್ಲಿ ಸಿಕ್ಕಾಗ "ನಿಮ್ಮಲ್ಲಿ ಇವತ್ತು ಕಡಲೆಕಾಳಾ?" ಎಂದು ಕೇಳಿದರು. ಅವರ ಮನೆಯಲ್ಲೂ ಒಬ್ಬ ಮಾವ ಇದ್ದಾರೆ ಎಂದು ಆಗ ಗೊತ್ತಾಯಿತು.

ಮೊದಲ ಆರೋಪ ಬೇಳೆಯ ಮೇಲೆ ಬಂತು. "ಹಳೇ ಬೇಳೆ ಇರಬೇಕು" ಎಂದರು ನಮ್ಮವರು. ಹಳೆಯದಾದಷ್ಟೂ ಬೇಳೆ ಗಟ್ಟಿಯಾಗುತ್ತದೆ, ಅದು ಸರಿಯೇ. ಆದರೆ ತಂಗಿ ತಂದುಕೊಟ್ಟ ಬೇಳೆಯನ್ನು ಅಮ್ಮನ ಎದುರಿಗೇ ಹಳೆಯದು ಎನ್ನುವ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅತ್ತೆ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ನನ್ನ ಮೂಲಕ "ಅವನಿಗೆ ಮಜ್ಜಿಗೆ ಹಾಕು" ಎನ್ನುತ್ತಿದ್ದರು.

ಎರಡನೇ ಆರೋಪ ಗ್ಯಾಸ್ಕೆಟ್ಟಿನ ಮೇಲೆ. ಮುಚ್ಚಳದ ಪಕ್ಕದಿಂದ ಸ್ವಲ್ಪ ಆವಿ ಹೋಗುತ್ತಿದ್ದದ್ದು ನಿಜ. ಅದಕ್ಕೆ ನಮ್ಮ ಹೆಣ್ಣುಮಕ್ಕಳ ಹಳೇ ಮದ್ದು, ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿಡುವುದು. ಇಟ್ಟೆವು. ಐಸ್‌ಕ್ರೀಮ್ ಹುಡುಕಲು ಹೋದ ಮಗನ ಕೈಗೆ ಗ್ಯಾಸ್ಕೆಟ್ ಸಿಕ್ಕಿತು. ಹೊಸದನ್ನೇ ತನ್ನಿ ಎಂದು ನಮ್ಮವರನ್ನು ಪಾತ್ರೆ ಅಂಗಡಿಗೆ ಕಳಿಸಿದೆ. ಅಲ್ಲಿಂದ ಫೋನ್.

"ಎಷ್ಟು ಲೀಟರ್ ಅಂತ ಕೇಳ್ತಿದ್ದಾರೆ ಕಣೆ."

"ಐದು ಲೀಟರ್ ರೀ."

"ಮುಚ್ಚಳ ಒಳಗೆ ಕೂರೋದಾ, ಹೊರಗೆ ಕೂರೋದಾ ಅಂತೆ."

"ಇಷ್ಟು ವರ್ಷದಿಂದ ಅದೇ ಕುಕ್ಕರಿನ ಅನ್ನ ಉಣ್ತಿದ್ದೀರಲ್ಲ, ನೀವೇ ಹೇಳಿ."

ಒಂದು ನಿಮಿಷ ಮೌನ. ಆಮೇಲೆ ಅಂಗಡಿಯವರಿಗೆ ಅವರು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು: "ಹಿಡಿ ಕಪ್ಪು ಬಣ್ಣದ್ದು." ಅವರು ತಂದ ಗ್ಯಾಸ್ಕೆಟ್ ನಮ್ಮ ಮನೆಯ ಯಾವ ಪಾತ್ರೆಗೂ ಕೂರಲಿಲ್ಲ. ಮಾರನೇ ದಿನ ನಾನೇ ಹೋಗಿ ಬದಲಾಯಿಸಿ ತಂದೆ. ಮುಚ್ಚಳ ಈಗ ಬಿಗಿಯಾಗಿ ಕೂತಿತು. ಆವಿ ಎಲ್ಲೂ ಸೋರಲಿಲ್ಲ. ಬೇಳೆ ಮಾತ್ರ ಬೇಯಲಿಲ್ಲ.

ಚಿಟಿಕೆ ಸೋಡಾ ಹಾಕಿದರೆ ಬೇಯುತ್ತದೆ ಎಂದು ನಮ್ಮವರು ಫೋನಿನಲ್ಲಿ ಓದಿ ಹೇಳಿದರು. ಬೇಯುವುದೇನೋ ಹೌದು, ಜೊತೆಗೆ ಬಿ1 ವಿಟಮಿನ್ನೂ ಹಾಳಾಗುತ್ತದೆ, ರುಚಿಯೂ ಕೆಡುತ್ತದೆ. "ಸೋಡಾ ಹಾಕಿ ಉಣ್ಣೋ ಗತಿ ನಮಗಿನ್ನೂ ಬಂದಿಲ್ಲ" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಸೀದಾ ನಲ್ಲಿಯ ಹತ್ತಿರ ಹೋಗಿ, ಬೊಗಸೆಯಲ್ಲಿ ಟ್ಯಾಂಕರ್ ನೀರು ಹಿಡಿದು, ನಾಲಿಗೆಗೆ ತಾಗಿಸಿ ಉಗಿದರು. "ಗಡಸು ನೀರು. ಇದರಲ್ಲಿ ಬೇಳೆ ಎಲ್ಲಿ ಬೇಯುತ್ತೆ?"

ಅವರು ಓದಿದ್ದು ಏಳನೇ ಕ್ಲಾಸು. ಆದರೆ ವಿಜ್ಞಾನ ಹೇಳುವುದೂ ಇದನ್ನೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬುದು ಕರಗಿದರೆ ಬೇಳೆ ಒಡೆಯುತ್ತದೆ. ಕ್ಯಾಲ್ಸಿಯಂ ಹೋಗಿ ಅದಕ್ಕೆ ಅಂಟಿಕೊಂಡರೆ ಅದು ಕರಗಲು ಒಪ್ಪುವುದಿಲ್ಲ. ಹುಳಿಯದೂ ಇಂಥದ್ದೇ ಕಿತಾಪತಿ. ಬೇಳೆ ಬೆಂದ ಮೇಲೆಯೇ ಹುಣಸೆರಸ ಹಾಕಬೇಕು ಎಂದು ಹಿರಿಯರು ಹೇಳುವುದು ಸುಮ್ನೆ ಅಲ್ಲ. ಕುಡಿಯಲು ತರಿಸಿದ್ದ ಕ್ಯಾನ್ ನೀರಿನಲ್ಲಿ ಅದೇ ಬೇಳೆಯನ್ನು, ಒಂದು ತೊಟ್ಟು ಎಣ್ಣೆ, ಚೂರು ಅರಿಶಿನ ಹಾಕಿ ಇಟ್ಟೆವು. ಮೂರೇ ಕೂಗು. ತೆಗೆದರೆ ಬೆಣ್ಣೆ. ಸೌಟಿನ ಬೆನ್ನು ಸೋಕಿದರೆ ಸಾಕಿತ್ತು. ಆ ಬೇಸಿಗೆ ಪೂರ್ತಿ ನಾವು ಟ್ಯಾಂಕರ್ ನೀರಿನಲ್ಲಿ ಅರ್ಧ ಬಕೆಟ್ ಸ್ನಾನ ಮಾಡಿದೆವು, ಬೇಳೆ ಕ್ಯಾನ್ ನೀರಿನಲ್ಲಿ ಮಿಂದಿತು. ನಾದಿನಿಗೆ ಫೋನ್ ಹೋಯಿತು. ನಮ್ಮವರಿಗೆ ಮಜ್ಜಿಗೆ ನೇರವಾಗಿ ಬಿತ್ತು.

ಕರಗುವ ಬೇಳೆಯದು ಇನ್ನೊಂದು ಕಷ್ಟ. ಅದು ನೊರೆ ಉಕ್ಕಿಸುತ್ತದೆ. ಬೇಳೆ ಬೇಯಿಸುವಾಗ ನೀರೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಹೋಗಬಾರದು. ಒಂದು ದಿನ ಊರಿನಿಂದ ನೆಂಟರು ಬಂದಿದ್ದರು, ಅತ್ತೆ ಕೈ ತುಂಬಾ ಧಾರಾಳವಾಗಿತ್ತು. ನಮ್ಮವರಿಗೆ ಆಫೀಸಿಗೆ ತಡ. ಒತ್ತಡ ತಾನಾಗಿ ಇಳಿಯುವವರೆಗೆ ಕಾಯಲು ಪುರುಸೊತ್ತಿಲ್ಲ. ಚಮಚದ ತುದಿಯಿಂದ ವೆಯಿಟನ್ನು ಮೆಲ್ಲಗೆ ಎತ್ತಿದರು.

ಕುಕ್ಕರಿನ ಮೂಲಪುರುಷ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಮಹಾಶಯ. 1679ರಲ್ಲಿ ಆವಿಯ ಒತ್ತಡದಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಪಾತ್ರೆ ಮಾಡಿದ. ಅದು ಸಿಡಿಯಬಾರದು ಎಂದು ಹೆಚ್ಚಾದ ಆವಿಗೆ ಒಂದು ದಾರಿ ಬಿಟ್ಟು, ಅದರ ಮೇಲೆ ಭಾರ ಕೂರಿಸುವ ಉಪಾಯವನ್ನೂ ಅವನೇ ಹುಡುಕಿದ. ಆ ಭಾರವನ್ನು ಚಮಚದಲ್ಲಿ ಎತ್ತುವ ಗಂಡಸರು ಮುಂದೆ ಹುಟ್ಟುತ್ತಾರೆ ಎಂದು ಪಾಪ ಅವನಿಗೇನು ಗೊತ್ತು.

ಹಳದಿ ಕಾರಂಜಿ ಸೀದಾ ಸೂರಿಗೆ ಹೋಯಿತು. ಅಲ್ಲಿಂದ ಎಕ್ಸಾಸ್ಟ್ ಫ್ಯಾನಿಗೆ, ಅಲ್ಲಿಂದ ಗೋಡೆಯ ಕ್ಯಾಲೆಂಡರಿಗೆ. ಕೈಗೆ ಮುಖಕ್ಕೆ ಬೀಳಲಿಲ್ಲ, ಅದೊಂದು ಪುಣ್ಯ. ಅತ್ತೆ ಓಡಿಬಂದು ಮೊದಲು ಮಗನನ್ನು ನೋಡಿದರು, ಆಮೇಲೆ ಕ್ಯಾಲೆಂಡರ್ ನೋಡಿದರು. "ಅಯ್ಯೋ, ಏಕಾದಶಿ ಮೇಲೇ ಬೇಳೆ ಬಿತ್ತಲ್ಲೋ!"

ಸೂರಿನ ಅರಿಶಿನ ಸೋಪಿಗೆ ಹೋಗಲಿಲ್ಲ, ನಿಂಬೆಹಣ್ಣಿಗೆ ಹೋಗಲಿಲ್ಲ. ಬಾಡಿಗೆ ಮನೆ ಬೇರೆ. ನಮ್ಮವರು ಪ್ರಾಯಶ್ಚಿತ್ತಕ್ಕೆಂದು ಭಾನುವಾರ ಸ್ಟೂಲ್ ಹತ್ತಿ, ಕಲೆಯ ಮೇಲೆ ಸುಣ್ಣ ಬಳಿದರು. ಯಾರನ್ನೂ ಕೇಳಲಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ಆರತಿ ತಟ್ಟೆ ಹಿಡಿದ ಯಾವ ಹೆಣ್ಣುಮಗಳಾದರೂ ಹೇಳುತ್ತಿದ್ದಳು. ಇವರು ಕೆಳಗಿಳಿದು ನೋಡುವಷ್ಟರಲ್ಲಿ ಒಲೆಯ ಮೇಲಿನ ಸೂರು ಕೆಂಪಗೆ ಓಕುಳಿ ಆಡಿತ್ತು.

ಮುಂದಿನ ವರ್ಷ ಮನೆ ಖಾಲಿ ಮಾಡುವಾಗ ಓನರ್ ನೋಡಲು ಬಂದರು. ಹಾಲು, ರೂಮು, ಬಾತ್‌ರೂಮು ಮುಗಿಸಿ ಅಡುಗೆಮನೆಗೆ ಬಂದು ತಲೆಯೆತ್ತಿದವರು ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನಮ್ಮಾ... ಏನಾದ್ರೂ ಪೂಜೆ ಗೀಜೆ ಮಾಡ್ಸಿದ್ರಾ?"

"ಇಲ್ಲಪ್ಪ, ಬೇಳೆ ಸಾರು" ಎಂದರು ಅತ್ತೆ.

ಅವರು ನಂಬಿದ ಹಾಗೆ ಕಾಣಲಿಲ್ಲ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಪೇಂಟ್ ಮಾತ್ರ ಹೊಡೆಸಿಲ್ಲವಂತೆ. ಮನೆ ನೋಡಲು ಬಂದವರಿಗೆಲ್ಲ "ಶಾಂತಿ ಎಲ್ಲ ಮಾಡ್ಸಿರೋ ಮನೆ, ನೋಡಿ ಗುರುತು" ಎಂದು ಸೂರು ತೋರಿಸಿ, ಬಾಡಿಗೆ ಎರಡು ಸಾವಿರ ಜಾಸ್ತಿ ಹೇಳುತ್ತಿದ್ದಾರೆ ಎಂದು ವಾಚ್‌ಮನ್ ಹೇಳಿದ.